ಕತ್ತರಿ ಹಲ್ಲಿಗೆ ಕ್ಲಿಪ್ಪು

ನಮ್ಮ ಮನೆಯಲ್ಲಿ ಮಗ್ಗಕ್ಕೆ ಹಾಸು ನೂಲು ಏರಿತೆಂದರೆ ಅದರ ಹತ್ತಿರ ಕತ್ತರಿ ಸುಳಿಯುವಂತಿಲ್ಲ. ಚಾಕು, ಬ್ಲೇಡು ಯಾವುದೂ ಬರುವಂತಿಲ್ಲ. ಸೀರೆ ಇಳಿಸುವ ದಿನ ಮಾತ್ರ ಅಪ್ಪ ಕತ್ತರಿಗೆ ಕುಂಕುಮವಿಟ್ಟು ತರುತ್ತಾರೆ, ಕೆಲಸ ಮುಗಿದ ಕೂಡಲೇ ಅದು ಅಡುಗೆಮನೆಯ ಅಟ್ಟ ಸೇರುತ್ತದೆ. ನಡುವೆ ಎಳೆ ಹರಿದರೆ ಗಂಟು ಹಾಕಿ, ಗಂಟಿನಾಚೆ ಉಳಿದ ಬಾಲವನ್ನು ಹಲ್ಲಿನಿಂದಲೇ ಕಡಿಯಬೇಕು. ಯಾಕೆ ಎಂದು ಕೇಳಿದರೆ ಅಪ್ಪ, "ಮೊದ್ಲಿಂದ ಹಂಗೇತಾನೆ" ಅನ್ನುತ್ತಾರೆ. ಆ ಮಾತಿನ ಮೇಲೆ ನಮ್ಮ ಮನೆಯಲ್ಲಿ ಮತ್ತೊಂದು ಮಾತಿಲ್ಲ.

ಹಾಗಾಗಿ ನಮ್ಮಲ್ಲಿ ಹುಟ್ಟಿದವರು ಅಕ್ಷರ ಕಲಿಯುವ ಮೊದಲೇ ನೂಲು ಕಡಿಯಲು ಕಲಿಯುತ್ತಾರೆ. ಅದರಲ್ಲಿ ಅಜ್ಜಿಯನ್ನು ಮೀರಿಸಿದವರಿಲ್ಲ. ಅವಳ ಮೇಲ್ಸಾಲಿನ ಒಂದು ಮುಂದಿನ ಹಲ್ಲು ಪಕ್ಕದ್ದನ್ನು ತಳ್ಳಿಕೊಂಡು ಹೊರಗೆ ಬಂದು ನಿಂತಿದೆ. ಅದೇ ಹಲ್ಲು, ಅದೇ ಬದಿಯಲ್ಲಿ, ಅದೇ ಗತ್ತಿನಲ್ಲಿ ನನಗೂ ಬಂತು. ಗಂಟಿನ ಬುಡಕ್ಕೆ ಸರಿಯಾಗಿ ತಾಗುವುದು ಅಂಥ ಹಲ್ಲೇ. ಮನೆಯವರು ಅದಕ್ಕೆ ಕತ್ತರಿ ಹಲ್ಲು ಎಂದು ಹೆಸರಿಟ್ಟು ನಮ್ಮಿಬ್ಬರನ್ನೂ ಮೆರೆಸುತ್ತಿದ್ದರು. ನಗುವಾಗ ಮಾತ್ರ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು, ನಾನು ಅಂಗೈಯಿಂದ. ಭಾನುವಾರ ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತು, ಪೊಳ್ಳಾಚಿ ಬಸ್ಸಿನಿಂದ ಇಳಿದು ಬರುವವರನ್ನೆಲ್ಲ ಆಡಿಕೊಂಡು, ಬಾಯಿ ಮುಚ್ಚಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಗುವುದು ನಮ್ಮ ವಾರದ ಹಬ್ಬ.

ನನಗೆ ಕೆಲಸ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ. ವಾರವಿಡೀ ಅಲ್ಲೇ ಹಾಸ್ಟೆಲಿನಲ್ಲಿದ್ದು ಶನಿವಾರ ಊರಿಗೆ ಬರುತ್ತೇನೆ. ಹೊರದೇಶದ ಗಿರಾಕಿಗಳಿಗೆ ಸ್ಯಾಂಪಲ್ ತೋರಿಸುವುದು, ಅವರು ಬಣ್ಣ ಸರಿಯಿಲ್ಲ, ಕಾಲರ್ ಸರಿಯಿಲ್ಲ ಎಂದಾಗ ನಗುನಗುತ್ತಾ ಒಪ್ಪಿಕೊಂಡು ಬಂದು ಒಳಗೆ ರೇಗುವುದು ನನ್ನ ಕೆಲಸ. ಮಾತುಕತೆಯೆಲ್ಲ ವಿಡಿಯೋ ಕಾಲಿನಲ್ಲಿ. ಒಂದು ದಿನ ಅಂಥ ಕಾಲಿನಲ್ಲಿ ಗಿರಾಕಿ ಹೆಂಗಸು ಬಹಳ ಕಾಳಜಿಯಿಂದ ಕೇಳಿದಳು: ನಿಮ್ಮ ಆಫೀಸಿನ ಪಕ್ಕ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇದೆಯೇ, ವಾಸನೆ ಜಾಸ್ತಿಯೇ? ನನಗೆ ಅರ್ಥವಾಗಲಿಲ್ಲ. ಪರದೆಯ ಮೂಲೆಯಲ್ಲಿದ್ದ ನನ್ನ ಮುಖವನ್ನೇ ನೋಡಿದೆ. ನಗು ಮುಚ್ಚಲು ಹೋದ ಕೈ ಮೂಗಿನವರೆಗೂ ಏರಿತ್ತು.

ಅವತ್ತು ನನಗೆ ನನ್ನ ಮೇಲೇ ಎಂಥ ಸಿಟ್ಟು ಬಂತೆಂದರೆ, ಸಂಜೆಯೇ ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಮದುವೆಗೆ ಗಂಡು ನೋಡುತ್ತಿದ್ದಾರೆ ಎಂದು ಎಲ್ಲರೂ ಆಮೇಲೆ ಊಹಿಸಿದರು. ಗಂಡೂ ಇಲ್ಲ, ಗುಂಡೂ ಇಲ್ಲ. ಕೈ ಎತ್ತದೆ ನಗಬೇಕು, ಅಷ್ಟೇ. ಡಾಕ್ಟರಮ್ಮ ಬಾಯಿಗೆ ಕನ್ನಡಿ ಹಿಡಿದು, ಆ ಕತ್ತರಿ ಹಲ್ಲಿನ ತುದಿಯನ್ನು ಮುಟ್ಟಿ, "ಇಲ್ಲೊಂದು ಸಣ್ಣ ಕಚ್ಚು ಇದೆ. ನೂಲು ಕಡಿಯುತ್ತೀರಾ?" ಎಂದು ತಮಿಳಿನಲ್ಲಿ ಕೇಳಿದರು. ನಾನು ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ತಲೆಯಾಡಿಸಿದೆ. ಹಲ್ಲು ಸಾಲಿಗೆ ಬಂದ ಮೇಲೆ ಅದನ್ನೂ ತುಂಬಿ ನುಣ್ಣಗೆ ಮಾಡೋಣ ಎಂದರು. ಮಾಡಿ ಎಂದೆ. ಆಗ ನನಗೆ ಎಲ್ಲವೂ ನುಣ್ಣಗಾಗಬೇಕಿತ್ತು.

ಕ್ಲಿಪ್ಪು ಹಾಕಿಸಿಕೊಂಡ ಮೊದಲ ವಾರ ಬಾಯಿ ನನ್ನದಾಗಿ ಉಳಿಯಲಿಲ್ಲ. ಕೆನ್ನೆಯ ಒಳಗೆಲ್ಲ ಹುಣ್ಣು, ಇಡ್ಲಿಯೂ ಗಟ್ಟಿ ಅನ್ನಿಸುವ ಹಲ್ಲುನೋವು. ಬೇಕರಿಯ ಮುಂದೆ ಎಲ್ಲರೂ ಟೀ ಜೊತೆ ಮುರುಕು ಕಟುಂ ಕಟುಂ ಕಡಿಯುವಾಗ ನಾನು ಬನ್ನನ್ನು ಟೀಯಲ್ಲಿ ಅದ್ದಿ ಮುದುಕಿಯ ಹಾಗೆ ಚೀಪುತ್ತಿದ್ದೆ. ಮೆತ್ತಗಿದೆಯಲ್ಲ ಎಂದು ಹಾಸ್ಟೆಲಿನಲ್ಲಿ ಸಂದಗೆ ತಿಂದೆ. ನಮ್ಮ ಕಡೆಯ ಅಕ್ಕಿ ಶಾವಿಗೆ ಅದು, ತೆಂಗಿನ ಹಾಲು ಹಾಕಿ ತಿನ್ನುವುದು. ಎಳೆಎಳೆಯೂ ಕ್ಲಿಪ್ಪಿನ ಕಂಬಿಗೆ ಸುತ್ತಿಕೊಂಡು, ಕನ್ನಡಿಯ ಮುಂದೆ ನಿಂತು ಒಂದೊಂದನ್ನೇ ಬಿಡಿಸುವಷ್ಟರಲ್ಲಿ ಆಫೀಸಿನ ವ್ಯಾನ್ ಹೋಗಿಬಿಟ್ಟಿತ್ತು. ಮಾತಿನ ಪಾಡೂ ಅಷ್ಟೇ. ಆಫೀಸಿನ ತಮಿಳು, ಗಿರಾಕಿಯ ಇಂಗ್ಲಿಷು, ಮನೆಯ ತಮಿಳು ಬೆರೆತ ಕನ್ನಡ ಮೂರರಲ್ಲೂ ಭೇದವಿಲ್ಲದೆ ಉಗುಳು ಸಿಡಿಯುತ್ತಿತ್ತು.

ಚೆಕಿಂಗ್ ವಿಭಾಗದ ಹೆಂಗಸರಿಗೆ ಮಾತ್ರ ಹಬ್ಬ. ಬಟ್ಟೆಯ ದಾರ ಕತ್ತರಿಸುತ್ತಾ ದಿನವಿಡೀ ನಿಲ್ಲುವ ಅವರಿಗೆ ನನ್ನ ಬಾಯಿ ಹೊಸ ಸಿನಿಮಾ. "ಎಂಗೆ, ಇಂಗೆ ಕಾಟ್ಟು ಕಣ್ಣು," ಅಂದರೆ ಎಲ್ಲಿ, ಇಲ್ಲಿ ತೋರಿಸು ಚಿನ್ನ, ಎಂದು ಕರೆದು, ಬಾಯಿ ತೆರೆಸಿ ನೋಡಿ, ಕಿವಿಗೆ ಓಲೆ ಆಯಿತು ಮೂಗಿಗೆ ನತ್ತು ಆಯಿತು, ಈಗ ಹಲ್ಲಿಗೂ ಒಡವೆಯಾ ಎಂದು ಕಾಡಿದರು. ಸ್ಯಾಂಪಲ್ ಕೈಗೆ ಬಂದರೆ ತೂಗಾಡುವ ದಾರವನ್ನು ಹಲ್ಲಿಗೆ ಕೊಡುವ ನನ್ನ ಚಾಳಿ ಅವರಿಗೆ ಗೊತ್ತಿತ್ತು. ಅದಕ್ಕೇ ಪುಟ್ಟ ಕತ್ತರಿಯೊಂದನ್ನು ರಿಬ್ಬನ್ನಿಗೆ ಕಟ್ಟಿ ನನ್ನ ಕೊರಳಿಗೆ ಹಾಕಿದರು. ಅದನ್ನು ಹಾಕಿಕೊಂಡೇ ಮ್ಯಾನೇಜರ ಮುಂದೆಯೂ ಓಡಾಡಿದೆ. ಅಲ್ಲಿ ನಾನು ಬದುಕಿಕೊಂಡೆ.

ಊರಿಗೆ ಹೋಗುವಾಗ ಆ ಕತ್ತರಿಯನ್ನು ಮೇಜಿನ ಮೇಲೇ ಬಿಟ್ಟು ಬಂದಿದ್ದೆ. ಮಗ್ಗದ ಮನೆಗೆ ಅದನ್ನು ಒಯ್ಯುವ ಹಾಗಿಲ್ಲವಲ್ಲ.

ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದಳು. "ಏನದು ಬಾಯಲ್ಲಿ, ಕಂಬಿ?"

"ಕ್ಲಿಪ್ಪು ಅಜ್ಜಿ. ಹಲ್ಲು ಒಳಗೆ ಹೋಗ್ತದೆ."

"ನಲ್ಲಾ, ಚೆನ್ನಾಗೇ ಇದ್ದ ಹಲ್ಲುತಾನೆ? ಅದ್ಕೇನ್ ಬಂದಿತ್ತು?" ಎಂದು ನನ್ನನ್ನೇ ನೋಡಿದಳು. "ನಿಂಗೆ ಕಣ್ಣು ನಿಮ್ಮಪ್ಪಂದು, ಬಣ್ಣ ನಿಮ್ಮಮ್ಮಂದು. ನಂದೂಂತ ಆ ಹಲ್ಲು ಒಂದೇ ಇತ್ತು. ಅದುನ್ನೂ ಸಮ ಮಾಡ್ಬುಟ್ರೆ ನಂದೂಂತ ನಿನ್ನತ್ರ ಏನಿರ್ತದೆ?"

ನನ್ನ ಬಾಯಿಯ ವಿಷಯ ನನ್ನೊಬ್ಬಳದೇ ಎಂದುಕೊಂಡಿದ್ದೆ. ನನ್ನ ಹಲ್ಲನ್ನು ಸೊಟ್ಟ ಎಂದಾಗ ಅಜ್ಜಿಯದನ್ನೂ ಸೊಟ್ಟ ಎಂದಂತಾಯಿತಲ್ಲ ಎಂದು ಆಗ ಹೊಳೆಯಿತು.

ಅಂದಿನಿಂದ ಅಜ್ಜಿಯ ಮುನಿಸು ಶುರುವಾಯಿತು. ಹುಟ್ಟಿದಾಗಿನಿಂದ ನನ್ನನ್ನು "ಸಾಮಿ" ಎಂದು ಕರೆದವಳು ಈಗ ಅಮ್ಮನ ಮೂಲಕ ಮಾತಾಡತೊಡಗಿದಳು. ನಾನು ಎದುರಿಗೇ ಕೂತಿದ್ದರೂ, "ಅವ್ಳಿಗೆ ಇನ್ನೊಂದ್ ತುತ್ತು ಬೇಕಾ ಕೇಳು" ಅನ್ನುವಳು. ನನಗೆಂದು ಅನ್ನವನ್ನು ಗಂಜಿಯ ಹಾಗೆ ಕಿವುಚಿ ಇಟ್ಟವಳೂ ಅವಳೇ, ಮುಖ ತಿರುಗಿಸಿ ಕೂತವಳೂ ಅವಳೇ. ಜಗಲಿಗೆ ಹೋಗಿ ಪಕ್ಕದಲ್ಲಿ ಕೂತರೆ ಎದ್ದು ಒಳಗೆ ಹೋಗುವಳು. ಬಸ್ಸಿನಿಂದ ಎಂತೆಂಥವರೋ ಇಳಿದು ಹೋದರು, ಆಡಿಕೊಳ್ಳಲು ಜೊತೆಯಿರಲಿಲ್ಲ. ಹಲ್ಲು ಸರಿಹೋಗಿ, ನಗಲು ಅಜ್ಜಿಯೇ ಸಿಗದಿದ್ದರೆ ಈ ಕಂಬಿ ಯಾವ ಪುರುಷಾರ್ಥಕ್ಕೆ ಎಂದು ನಿಜವಾಗಿಯೂ ಅಳು ಬಂತು.

ಹೀಗೆ ವಾರಗಳು ಕಳೆದವು. ಒಂದು ಭಾನುವಾರ ಬೆಳಿಗ್ಗೆ ಅಪ್ಪ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುತ್ತಿದ್ದರು. ಹತ್ತಿ ಸೀರೆ, ಅಂಚಿಗೆ ಮಾತ್ರ ಕೆಂಪು ರೇಷ್ಮೆ. ಆ ಅಂಚಿನಲ್ಲೇ ಎಳೆಯೊಂದು ಹರಿಯಿತು. ಅಪ್ಪ ಗಂಟು ಹಾಕಿ, ಪಕ್ಕದಲ್ಲಿದ್ದ ನನ್ನ ಕಡೆ ನೋಡದೆ, "ಕಣ್ಣು, ಕಡಿ" ಅಂದರು. ನಾನೂ ಯೋಚಿಸದೆ ಬಗ್ಗಿ ಕಡಿದೆ. ಇಬ್ಬರಿಗೂ ಅದು ಉಸಿರಾಡಿದಷ್ಟೇ ರೂಢಿ.

ನೂಲು ತುಂಡಾಗಲಿಲ್ಲ. ಕಂಬಿಯ ಸಂದಿಗೆ ಹೋಗಿ ಕೂತಿತು. ತಲೆ ಎತ್ತಲು ನೋಡಿದೆ, ಹಲ್ಲಿನ ಬುಡದವರೆಗೂ ಜುಮ್ಮೆಂದಿತು. ರೇಷ್ಮೆ ಹತ್ತಿಯ ಹಾಗೆ ಎಳೆದರೆ ಪಟ್ಟನೆ ಹರಿಯುವುದಲ್ಲ.

"ಆಯ್ತಲ್ಲ, ಏಳು," ಅಂದರು ಅಪ್ಪ.

"ಊಂ ಊಂ," ಅಂದೆ.

ಅಪ್ಪ ಬಗ್ಗಿ ನೋಡಿ ಗಾಬರಿಯಾದರು. ಮಗಳು ಬಾಯಿಯ ಮೂಲಕ ಮಗ್ಗಕ್ಕೆ ಕಟ್ಟಿಹಾಕಿಕೊಂಡಿದ್ದಾಳೆ. ಅಮ್ಮ ಓಡಿಬಂದಳು. "ಕತ್ತರಿ ತರ್ಲಾ?"

"ಹಾಸು ನಿಂತದೆ! ಕತ್ತರಿ ಬೇಡ!"

"ಹಂಗಾದ್ರೆ ಮಗಳುನ್ನೂ ಸೇರ್ಸಿ ನೆಯ್ರಿ!" ಎಂದು ಅಮ್ಮ ಕೂಗಿದಳು. ಮರುಕ್ಷಣವೇ, "ತೀಪೆಟ್ಟಿ ಕಡ್ಡಿ ಗೀರಿ ಎಳೆ ಸುಟ್ಬುಡ್ಲಾ?" ಎಂದೂ ಕೇಳಿದಳು. ನಾನು ಬಾಯೊಳಗೇ ಕಿರುಚಿದೆ. ಅಪ್ಪನ ಮುಂದಿನ ಹಲ್ಲುಗಳು ಕಟ್ಟಿಸಿದವು. ಇಡ್ಲಿಗೆ ಸರಿ, ರೇಷ್ಮೆಗೆ ಅಲ್ಲ. ಅಮ್ಮ ಬೇಸಾಯದ ಮನೆಯಿಂದ ಬಂದವಳು. ಅವಳೇ ಬಗ್ಗಿ ಕಡಿದು ನೋಡಿದಳು, ನೂಲು ಒದ್ದೆಯಾದದ್ದೇ ಬಂತು.

ಗಲಾಟೆ ಕೇಳಿ ಜಗಲಿಯಿಂದ ಅಜ್ಜಿ ಬಂದಳು. ಅವಳು ಮೆಲ್ಲಗೆ ನನ್ನ ಪಕ್ಕ ಕೂತು, ಒಂದು ಕೈಯಲ್ಲಿ ನನ್ನ ಗದ್ದ ಹಿಡಿದು, ಇನ್ನೊಂದು ಕೈಯಲ್ಲಿ ಎಳೆಯನ್ನು ಬಿಗಿ ಹಿಡಿದಳು. ಇಷ್ಟು ವಾರಗಳಲ್ಲಿ ಮೊದಲ ಬಾರಿಗೆ ನನ್ನ ಬಾಯನ್ನು ನೆಟ್ಟಗೆ ನೋಡಿದಳು. ಆಮೇಲೆ ಮಗ್ಗದ ಹಣಿಗೆಯ ಕಡೆ ನೋಡಿದಳು. ಎಳೆಗಳು ಸಾಲು ತಪ್ಪದಂತೆ ಹಿಡಿದು ನಿಲ್ಲಿಸುವ ಬಾಚಣಿಗೆ ಅದು.

"ಹಣಿಗೆ ಹಾಕವ್ರೆ," ಅಂದಳು. "ಸಾಲು ನಿಲ್ಸೋಕಾ?"

"ಊಂ," ಅಂದೆ. ನನ್ನ ಕಣ್ಣಲ್ಲಿ ನೀರು.

"ಇಷ್ಟೇತಾನೆ? ಅದುನ್ನ ಮೊದ್ಲೇ ಸೊಲ್ಲಬಾರ್ದಾ?"

ಹೇಳಲು ಎಲ್ಲಿ ಬಿಟ್ಟಿದ್ದಳು! ಅಷ್ಟರಲ್ಲಿ ಅವಳ ಮುಖ ನನ್ನ ಮುಖದ ಹತ್ತಿರಕ್ಕೆ ಬಂತು. ವೀಳ್ಯದೆಲೆಯ ವಾಸನೆ, ಆಮೇಲೆ ಆ ಹಲ್ಲು. ಅದನ್ನು ಅಷ್ಟು ಹತ್ತಿರದಿಂದ ನಾನು ಯಾವತ್ತೂ ನೋಡಿರಲಿಲ್ಲ. ಅದರ ತುದಿಯಲ್ಲಿ ನೂಲು ಸವೆಸಿದ ಕಚ್ಚೊಂದಿತ್ತು. ನನ್ನದಕ್ಕಿಂತ ಆಳ, ಆದರೆ ಅದೇ ಜಾಗದಲ್ಲಿ. ಅಜ್ಜಿ ಎಳೆಯನ್ನು ಆ ಕಚ್ಚಿಗೇ ಇಟ್ಟು, ಟಕ್ಕೆಂದು ಕಡಿದಳು.

ನಾನು ಹಿಂದಕ್ಕೆ ಬಿದ್ದೆ. ಕಂಬಿಯಿಂದ ಕೆಂಪು ನೂಲಿನ ತುಂಡು ಮೀಸೆಯ ಹಾಗೆ ತೂಗುತ್ತಿತ್ತಂತೆ. ಮೊದಲು ನಕ್ಕವಳು ಅಜ್ಜಿ. ಅವಳ ಒಂದು ಕೈ ಇನ್ನೂ ನನ್ನ ಗದ್ದದ ಮೇಲಿತ್ತು, ಇನ್ನೊಂದು ಎಳೆಯ ಮೇಲೆ. ಸೆರಗಿಗೆ ಕೈ ಉಳಿದಿರಲಿಲ್ಲ. ಬಾಯಿ ತುಂಬ, ಹಲ್ಲು ತುಂಬ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ಕಂಬಿಯೆಲ್ಲ ಕಾಣುವಂತೆ ನಕ್ಕೆ. ಅಪ್ಪ ಗುಂಡಿಯಲ್ಲಿ ಕೂತಲ್ಲೇ ನಕ್ಕರು, ಅಮ್ಮ ತೀಪೆಟ್ಟಿ ಹಿಡಿದುಕೊಂಡೇ ನಕ್ಕಳು. ಅಜ್ಜಿ ನಗು ಸುಧಾರಿಸಿಕೊಂಡು, ನೂಲಿನ ತುಂಡನ್ನು ಉಗುರಿನಿಂದ ಬಿಡಿಸುತ್ತಾ, "ನನ್ ಹಲ್ಲು ಇರೋಗಂಟ ನೀನ್ ನೂಲ್ಗೆ ಬಾಯ್ ಹಾಕ್ಬೇಡ, ಸಾಮಿ," ಅಂದಳು. ಸಾಮಿ ಎಂದು ಕೇಳಿ ನನಗೆ ಮತ್ತೊಮ್ಮೆ ಅಳು ಬಂತು, ಈ ಸಲ ಖುಷಿಗೆ.

ಅದೇ ಸಂಜೆ ಜಗಲಿಯ ಮೇಲೆ ಮತ್ತೆ ಜೊತೆಯಾದೆವು. ಬಸ್ಸಿನವರ ಗ್ರಹಚಾರ.

ಈಗ ಹಲ್ಲು ಬಹುಪಾಲು ಸಾಲಿಗೆ ಬಂದಿದೆ, ಕ್ಲಿಪ್ಪು ಇನ್ನೂ ಇದೆ. ವಿಡಿಯೋ ಕಾಲಿನಲ್ಲಿ ನನ್ನ ಕೈಗಳು ಮೇಜಿನ ಮೇಲೇ ಇರುತ್ತವೆ. ಹೋದ ಸಲ ಡಾಕ್ಟರಮ್ಮ ಕನ್ನಡಿ ಹಿಡಿದು, ಆ ಕಚ್ಚು ತುಂಬುವ ಕೆಲಸ ಕೊನೆಯಲ್ಲಿ ನೆನಪಿಸಿ ಅಂದರು. ನಾನು ಬಾಯಿ ಮುಚ್ಚಿಬಿಟ್ಟೆ. ಹಲ್ಲು ಎಲ್ಲಿಗೆ ಬೇಕಾದರೂ ಸರಿಯಲಿ, ಕಚ್ಚು ಮಾತ್ರ ಹಾಗೇ ಇರಲಿ ಅಂದೆ. ತಿನ್ನಲು ತೊಂದರೆಯಿಲ್ಲವಾದರೆ ಇರಲಿ ಬಿಡಿ ಎಂದು ಅವರು ನಕ್ಕರು.

ಊರಿಗೆ ಬಂದು ಅಜ್ಜಿಗೆ ಹೇಳಿದೆ. ಅವಳು ನಂಬಲಿಲ್ಲ. ಜಗಲಿಯ ಬೆಳಕಿಗೆ ಕರೆದೊಯ್ದು, ಬಾಯಿ ತೆರೆಸಿ, ಒಳಗೆ ಸರಿದ ಹಲ್ಲಿನ ತುದಿಯನ್ನು ಹೆಬ್ಬೆರಳ ಉಗುರಿನಿಂದ ತಡವಿದಳು. ಉಗುರು ಕಚ್ಚಿನಲ್ಲಿ ಸಿಕ್ಕಿ ನಿಂತಿತು.

"ಇದೆ. ನಂದೇ," ಎಂದು, ಸೆರಗು ಮುಟ್ಟದೆ ನಕ್ಕಳು.