ಹಾಲು ಕರೆಯುವ ಹೊತ್ತಿನ ಕ್ಲೈಮ್ಯಾಕ್ಸ್

ನನಗೆ ಹೊಡೆದಾಟದ ಸಿನಿಮಾ ಇಷ್ಟ. ಹೀಗಂದರೆ ನಮ್ಮ ಕಿಕ್ಕೇರಿಯಲ್ಲಿ ಈಗಲೂ ಹೆಂಗಸರೇ ಮೂಗು ಮುರಿಯುತ್ತಾರೆ. ಮುರಿಯಲಿ, ಅವರ ಮೂಗು. ಅತ್ತೆ ಸೊಸೆ ಜಗಳ ನೋಡಲು ಟಿಕೆಟ್ಟು ಯಾಕೆ? ಅದು ಮನೆಯಲ್ಲೇ ಇದೆ.

ಮದುವೆಯಾಗಿ ಬಂದಾಗಿನಿಂದ ಕೆ.ಆರ್. ಪೇಟೆಯ ಟಾಕೀಸಿನಲ್ಲಿ ಮ್ಯಾಟಿನಿ ನೋಡುತ್ತಿದ್ದೇನೆ. ಆದರೆ ಹೋದ ವರ್ಷದ ತನಕ ಒಂದು ಸಿನಿಮಾದ ಕೊನೆಯನ್ನೂ ನೋಡಿರಲಿಲ್ಲ. ಹಸು ಕಟ್ಟಿದ ಮನೆಯ ಹೆಂಗಸರೆಲ್ಲರ ಕಥೆಯೂ ಇದೇ. ಸಂಜೆ ಹಾಲು ಕರೆದು ಡೈರಿಗೆ ಹಾಕಬೇಕು. ಅದಕ್ಕೆ ಸರಿಯಾದ ಬಸ್ಸು ಕ್ಲೈಮ್ಯಾಕ್ಸ್ ಶುರುವಾಗುವ ಹೊತ್ತಿಗೇ ಹೊರಡುತ್ತದೆ. ವಿಲನ್ ಪಿಸ್ತೂಲು ಎತ್ತಿದ ಅಂದರೆ ನಾವು ಸೆರಗು ಕೊಡವಿಕೊಂಡು ಎದ್ದೆವು ಅಂತಲೇ ಲೆಕ್ಕ. ಗಂಡಸರು ಮಾತ್ರ ಪೂರ್ತಿ ನೋಡಿಕೊಂಡು ಬರುತ್ತಾರೆ. ಕೊನೆಗೆ ಏನಾಯಿತು ಅಂತ ಗಂಡನನ್ನು ಕೇಳಿದರೆ, "ಈರೋ ಗೆದ್ದ ಕಣೆ, ಇನ್ನೇನಾಯ್ತದೆ?" ಅನ್ನುತ್ತಿದ್ದ.

ಮೈ ಉರಿಯುತ್ತಿತ್ತು. ಹೀರೋ ಗೆಲ್ಲುತ್ತಾನೆ ಅಂತ ಪೋಸ್ಟರ್ ನೋಡಿದರೇ ಗೊತ್ತು. ಹೇಗೆ ಗೆದ್ದ, ಗೆಲ್ಲಲು ಏನು ಕಳೆದುಕೊಂಡ, ಅದು ತಾನೇ ಸಿನಿಮಾ? ನೂರು ಜನರನ್ನು ಹೊಡೆದೂ ಅಂಗಿಯ ಇಸ್ತ್ರಿ ಕೆಡದವನನ್ನು ಕಂಡರೆ ನನಗೆ ಆಕಳಿಕೆ. ಏಟು ಬಿದ್ದರೆ ನೋಯಬೇಕು. ಬಾಗಿಲು ಎಲ್ಲಿದೆ, ಯಾರು ಯಾವ ಮೂಲೆಯಲ್ಲಿ ಅವಿತಿದ್ದಾರೆ ನಮಗೆ ಗೊತ್ತಿರಬೇಕು, ಇಲ್ಲದಿದ್ದರೆ ಬರೀ ದೂಳು. ಇಡೀ ದೇಶ ಉಳಿಸುವವನಿಗಿಂತ ಒಂದು ಮಗುವನ್ನು ಉಳಿಸುವವನೇ ನನ್ನನ್ನು ಸೀಟಿನ ತುದಿಗೆ ಎಳೆದು ತರುತ್ತಾನೆ. ದೇಶಕ್ಕೆ ಬೇರೆ ಜನ ಇದ್ದಾರೆ.

ಹೋದ ವರ್ಷ ಅಂಥದೊಂದು ಬಂತು. ಒಬ್ಬ ಲಾರಿ ಡ್ರೈವರು. ಅವನ ಮಗಳನ್ನು ಮುಚ್ಚಿದ ಸಕ್ಕರೆ ಕಾರ್ಖಾನೆಯೊಳಗೆ ಕೂಡಿಹಾಕಿದ್ದಾರೆ. ಇಂಟರ್‌ವಲ್‌ಗೆ ಮುಂಚೆ ಅವನ ಬಲಗೈ ಮುರಿಯುತ್ತದೆ. ಬೇರೆ ಸಿನಿಮಾದಲ್ಲಾಗಿದ್ದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಕೂಡಿಕೊಳ್ಳುತ್ತಿತ್ತು. ಇಲ್ಲಿ ಇಲ್ಲ. ಮಗಳಿರುವ ಕೋಣೆಯ ಚಿಲಕ ತುಕ್ಕು ಹಿಡಿದಿದೆ, ಎಳೆಯಲು ಎರಡು ಕೈ ಬೇಕು. ಒಳಗಿಂದ ಮಗು ಅಪ್ಪಾ ಅನ್ನುತ್ತಿದೆ, ಹಿಂದೆ ಬೂಟಿನ ಸದ್ದು.

ಅಷ್ಟರಲ್ಲಿ ಪಕ್ಕದ ಮನೆಯವಳು ನನ್ನ ತೋಳು ಜಗ್ಗಿದಳು. "ಏಳಕ್ಕ, ಬಸ್ಸು ಒಂಟೋಯ್ತದೆ. ಅಸ ಕರೆಯೋರ್ಯಾರು?"

"ಓದ್ರೆ ಓಗ್ಲಿ ಬುಡು. ನಾನು ಇದರ ಕೊನೆ ನೋಡ್ದೆ ಏಳಕಿಲ್ಲ."

ಅವಳು ಹೋದಳು. ನಾನು ಕೂತೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಅರ್ಧ ಆ ಚಿಲಕಕ್ಕೆ, ಅರ್ಧ ನನ್ನ ಹಸುವಿಗೆ. ಅದು ನನ್ನ ಕೈಗಲ್ಲದೆ ಬೇರೆಯವರಿಗೆ ಹಾಲು ಬಿಡುವುದಿಲ್ಲ. ಡ್ರೈವರು ಕೊನೆಗೆ ಮುರಿದ ಕೈಯನ್ನೇ ಚಿಲಕಕ್ಕೆ ಹಾಕಿದ. ಅವನು ಕಿರುಚಿದ, ನಾನೂ ಕಿರುಚಿದೆ. ಬಾಗಿಲು ತೆರೆಯಿತು. ಮುಂದಿನ ಸಾಲಿನ ಗಂಡಸರು ತಿರುಗಿ ನೋಡಿದರು. ನೋಡಲಿ.

ಮುಂದಿನ ಬಸ್ಸು ಹಿಡಿದು ಬಂದು ಕೊಟ್ಟಿಗೆಗೆ ಇಣುಕಿದೆ. ಗಂಡ ನನ್ನ ಹಳೆಯ ಸೀರೆ ಸುತ್ತಿಕೊಂಡು, ತಲೆ ತುಂಬ ಸೆರಗು ಹೊದ್ದು, ಹಸುವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. ಒಗ್ಗದ ಹಸುವನ್ನು ಗಂಡಸರು ಕರೆಯುವುದು ನಮ್ಮಲ್ಲಿ ಹೀಗೇ, ಸೀರೆಯ ವಾಸನೆಗೆ ಹಸು ಮೋಸಹೋಗಲಿ ಅಂತ. ನಮ್ಮದು ಹೋಗಿರಲಿಲ್ಲ. ಬಕೆಟ್ಟು ದೂರ ಉರುಳಿತ್ತು. ಡೈರಿಯೂ ಮುಚ್ಚಿತ್ತು.

"ಇವತ್ತಿಂದ ನಿನ್ ಸಿನ್ಮಾ ಬಂದ್!" ಎಂದು ಸೆರಗಿನೊಳಗಿಂದಲೇ ಗುಡುಗಿದ.

ನಗು ಒತ್ತರಿಸಿ ಬಂತು, ನಗಲಿಲ್ಲ. ನಕ್ಕಿದ್ದರೆ ನನ್ನ ಮಾತು ಹಗುರಾಗುತ್ತಿತ್ತು.

"ಬಂದ್ ಮಾಡಕೆ ನೀನ್ಯಾರು? ಇಷ್ಟ್ ವರ್ಸ ನೀನು ನೆಮ್ಮದಿಯಾಗಿ ಕೂತು ಕೊನೆ ನೋಡ್ದೆ, ಅಸ ನಾನು ಕರ್ದೆ. ಮುಂದಿನ ವಾರಾನೂ ಓಯ್ತೀನಿ. ಅಸ ಒಗ್ಗಿಸ್ಕೊ."

ಮುಂದಿನ ವಾರ ಆ ಸೀರೆಯನ್ನು ಒಗೆಯದೆ ಹಾಗೇ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿ ಬಸ್ಸು ಹತ್ತಿದೆ.

ಆ ಸಲದ ಸಿನಿಮಾ ಶುದ್ಧ ದಂಡ. ಇಂಟರ್‌ವಲ್ ಹೊತ್ತಿಗೇ ತಲೆನೋವು ಶುರುವಾಯಿತು. ಬಸ್ಸಿನ ಹೊತ್ತಿಗೆ ಹೆಂಗಸರ ಸಾಲು ಖಾಲಿಯಾಯಿತು. ನಾನು ಕಾಲು ಚಾಚಿಕೊಂಡು, ದೀಪ ಹತ್ತುವ ತನಕ ಕೂತೆ.