ಆಯಿಯ ಕಾಗದ ತಿದ್ದಿದವಳು

ಇಂದು ಬೆಳಿಗ್ಗೆ ನನ್ನ ಹತ್ತಿರ ಚರ್ಚಾಸ್ಪರ್ಧೆಗೆ ತಯಾರಾಗುತ್ತಿರುವ ಹುಡುಗಿಯೊಬ್ಬಳು ತನ್ನ ಭಾಷಣದ ಹಾಳೆ ತಂದು ತೋರಿಸಿದಳು. ಮೊದಲ ಸಾಲಿನಲ್ಲೇ ‘ಇಂಡೈಟ್’ ಎಂಬ ಇಂಗ್ಲಿಷ್ ಕ್ರಿಯಾಪದ. ‘ಬರೆದೆ’ ಎನ್ನಲು ಇಷ್ಟೆಲ್ಲ ಬೇಕೇ, ನೀವೇ ಹೇಳಿ! ಇಂಗ್ಲಿಷರೇ ಅಟ್ಟಕ್ಕೆ ಹಾಕಿದ ಪದವನ್ನು ಇಳಿಸಿ ಧೂಳು ಒರೆಸುವವರು ನಾವು, ಈ ನವನಗರ ಬಡಾವಣೆಯವರು. ಬೈಯುವ ಮೊದಲು ಖಾತ್ರಿ ಇರಲಿ ಎಂದು ನಿಘಂಟು ತೆರೆದೆ. ವಾದ ಕಲಿತವರಿಗೆ ಇದೊಂದು ರೋಗ.

ಅರ್ಥ: ಬರವಣಿಗೆಗೆ ಮಾತು ಕಟ್ಟುವುದು. ಬೇರು ಲ್ಯಾಟಿನ್ನಿನಲ್ಲಿದೆ, ಅಲ್ಲಿ ಅದು ಬಾಯಲ್ಲಿ ಹೇಳಿ ಬರೆಸುವುದು. ಅಂದರೆ ಹೇಳಿದವರೇ ಬರೆದವರು, ಪೆನ್ನು ಹಿಡಿದವರ ಸುದ್ದಿಯೇ ಇಲ್ಲ. ಆರೋಪ ಹೊರಿಸುವುದಕ್ಕೆ ಇಂಗ್ಲಿಷಿನಲ್ಲಿರುವ, ಹೀಗೇ ಉಚ್ಚರಿಸುವ ಪದವೂ ಇದೇ ಬೇರಿನದಂತೆ. ಇದನ್ನು ಮೂರು ವರ್ಷ ಮೊದಲೇ ಯಾರಾದರೂ ನನಗೆ ಹೇಳಬಾರದಿತ್ತೇ?

ನನ್ನ ಆಯಿಗೆ, ಅಂದರೆ ಅಜ್ಜಿಗೆ, ಅಕ್ಷರ ಬಾರದು, ಮಾತಿಗೇನೂ ಬರವಿಲ್ಲ. ಆಗ ಮನೆಯ ತೊಟ್ಟಿಲು ಕಾರ್ಯಕ್ಕೆ ಆಕೆಯ ತಂಗಿ ನೀಲವ್ವ, ನನಗೆ ಸಣ್ಣಾಯಿ, ತನ್ನೂರು ಸುಳ್ಳದಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಆಯಿ ಹತ್ತು ಮಂದಿಯೆದುರು, “ಇವನ್ನ ಚಪ್ಪಲಿ ತಳಕ್ಕ ಹೊಲೀಬಹುದು ನೋಡು” ಎಂದುಬಿಟ್ಟಳು. ಸಣ್ಣಾಯಿ ಊಟಕ್ಕೂ ನಿಲ್ಲದೆ ಹೋದಳು, ಫೋನೂ ಎತ್ತಲಿಲ್ಲ. ತಿಂಗಳು ಕಾದು ಆಯಿ ನನ್ನನ್ನು ಕೂರಿಸಿಕೊಂಡು ಕಾಗದ ಬರೆಸಿದಳು.

“ಏ ನೀಲಿ, ನಿನ್ನ ಸೊಕ್ಕಿಗಿಷ್ಟು ಬೆಂಕಿ ಹಚ್ಚ! ರೊಟ್ಟಿ ದಪ್ಪ ಇದ್ದದ್ದು ಖರೇ. ನಾ ಅಂದದ್ದೂ ತಪ್ಪ. ನೀ ಇಲ್ದ ನಾ ಯಾರ ಕೂಡ ಜಗಳಾಡ್ಲಿ? ಲಗೂ ಬಾ.”

ಕಾಲೇಜಿಗೆ ಆಗಷ್ಟೇ ಚರ್ಚೆಯ ಢಾಲು ಗೆದ್ದು ತಂದಿದ್ದ ನಾನು ಇದನ್ನು ಹೀಗೇ ಬರೆಯುವುದುಂಟೇ! ಬೈಗುಳ ತೆಗೆದು ತರ್ಕ ತುಂಬಿದೆ. “ಅಂದಿನ ರೊಟ್ಟಿಗಳ ಕುರಿತ ನನ್ನ ಹೇಳಿಕೆಯನ್ನು ಸಂದರ್ಭದಿಂದ ಬೇರ್ಪಡಿಸಿ ನೋಡುವುದು ಸಮಂಜಸವಲ್ಲ” ಎಂದು ಶುರು. ಓದಿ ತೋರಿಸುವಾಗ ಮಾತ್ರ ಆಯಿ ಹೇಳಿದ್ದನ್ನೇ ಬಾಯಿಪಾಠ ಒಪ್ಪಿಸಿದೆ.

ಸುಳ್ಳದಲ್ಲಿ ಸಣ್ಣಾಯಿಯ ಸೊಸೆ ಅದನ್ನು ಓದಿ ಹೇಳಿದಳು. ಅತ್ತೆಯ ಉತ್ತರವನ್ನು ಆಕೆಯೇ ಫೋನಿನಲ್ಲಿ ನನಗೆ ತಿಳಿಸಿದಳು: “ಇದು ಅಕ್ಕನ ಮಾತಲ್ಲಂತ, ವಕೀಲರ ನೋಟೀಸಂತ. ರೊಟ್ಟಿ ಸಲುವಾಗಿ ಕೋರ್ಟಿಗೆ ಹೋಗಾಕಿ ಇದ್ರ ಹೋಗ್ಲಿ ಅಂತಾರ.” ನಾನು ಆಯಿಗೆ “ಬರೋದಿಲ್ಲಂತ” ಎಂದಷ್ಟೇ ಹೇಳಿದೆ. ಬೈದರೆ ಬರುತ್ತಿದ್ದವಳು ಮರ್ಯಾದೆ ಕೊಟ್ಟರೆ ಬರುವುದಿಲ್ಲ ಎಂದರೆ ತಪ್ಪು ಯಾರದು? ಮೂರು ವರ್ಷ ಈ ವಾದದಲ್ಲಿ ನಾನೇ ಗೆಲ್ಲುತ್ತಿದ್ದೆ. ಎದುರಾಳಿ ಇರಲಿಲ್ಲವಲ್ಲ.

ಇಂದು ನಿಘಂಟು ಮುಚ್ಚಿ ಅಡಿಗೆಮನೆಗೆ ಹೋಗಿ ಎಲ್ಲ ಹೇಳಿದೆ. ಮೆಂತ್ಯಸೊಪ್ಪು ಸೋಸುತ್ತಿದ್ದ ಆಯಿ ನನ್ನತ್ತ ತಿರುಗಿದಳು.

“ಅಂದ್ರ ನನ್ನ ಬೈಗುಳ ಆಕಿಗೆ ಮುಟ್ಟೇ ಇಲ್ಲೇನು? ಅಕ್ಕ ಹೊರಗಿನಾಕಿ ಆದ್ಲು ಅಂತ ಮೂರು ವರ್ಷ ಕುಂತಾಳಲ್ಲ ಆಕಿ! ಭಾಳ ಶಾಣ್ಯಾಕಿ ಅದೀಯವಾ ನೀ. ಹಾಳಿ ತಾ.”

ಈ ಸಲ ಬೈಗುಳ ಒಂದು ಪುಟ ದಾಟಿತು. ಒಂದಕ್ಷರ ಬಿಡದೆ ಬರೆದೆ.

“ಕೆಳಗ ನಿಂದೂ ಎರಡು ಸಾಲು ಬರಿ” ಎಂದಳು.

ಯಾವ ವಿಷಯ ಕೊಟ್ಟರೂ ಪರ, ವಿರೋಧ ಎರಡೂ ಕಡೆ ಮಾತಾಡಬಲ್ಲ ನನಗೆ ಒಂದು ಸಾಲೂ ಹುಟ್ಟಲಿಲ್ಲ. ಆಯಿ ಸೊಪ್ಪು ಬದಿಗೆ ಸರಿಸಿ, ಶಾಲೆ ಹುಡುಗರಿಗೆ ಬರೆಸುವಂತೆ ನಿಧಾನ ಹೇಳಿದಳು:

“ಸಣ್ಣಾಯಿ, ತಪ್ಪ ನಂದು. ಆಯಿದಲ್ಲ.”

ಹಾಗೆಯೇ ಬರೆದೆ.