ಅಟ್ಟದ ತೊಲೆಯ ಮೇಲಿನ ಡಿಶ್

ನಮ್ಮ ಮನೆಯ ಯಾವ ಗೋಡೆಯಲ್ಲಿ ಯಾವ ವೈರು ಹೋಗಿದೆ ಎನ್ನುವುದು ದೇವರಿಗೆ ಗೊತ್ತು, ಅವನನ್ನು ಬಿಟ್ಟರೆ ನನಗೆ ಗೊತ್ತು. ಇದನ್ನು ಯಾರಾದರೂ ಜಂಬ ಎಂದರೆ ಅನ್ನಲಿ, ಜಂಬವೇ. ಹಾಲ್ಕುರಿಕೆ ಕಡೆಯ ಈ ತೋಟದ ಮನೆಗೆ ಸೊಸೆಯಾಗಿ ಬಂದಾಗ ಎಲ್ಲರಂತೆ ನನ್ನ ಕೈತುಂಬ ಹಸಿರು ಬಳೆ ಇದ್ದವು. ಪೆಟ್ಟಿಗೆಯ ತಳದಲ್ಲಿ, ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಓದುವಾಗ ಕೊಂಡ ಸ್ಕ್ರೂಡ್ರೈವರ್ ಸೆಟ್ಟೂ ಇತ್ತು. ಬಳೆಗಳನ್ನು ಬಂದವರೆಲ್ಲ ಮುಟ್ಟಿ ನೋಡಿದರು. ಸ್ಕ್ರೂಡ್ರೈವರ್ ಹೊರಗೆ ಬರಲು ಕೆಲವು ವರ್ಷ ಹಿಡಿಯಿತು.

ಅದು ಬಂದದ್ದು ಟೀವಿಯ ದೆಸೆಯಿಂದ. ಆಗ ನಮ್ಮಲ್ಲಿದ್ದದ್ದು ತಿಂಗಳು ತಿಂಗಳು ರೀಚಾರ್ಜ್ ಮಾಡಿಸುವ ಡಿಶ್. ಮಾಡಿಸಬೇಕಾದ ನಮ್ಮ ಯಜಮಾನರು ಮರೆಯುವುದರಲ್ಲಿ ಮಾತ್ರ ಎಂದೂ ತಪ್ಪಿದವರಲ್ಲ. ಅತ್ತೆ ಕಪ್ಪು ಪರದೆಯ ಮುಂದೆ ಕೂತು ಮಗನಿಗೆ ಸಹಸ್ರನಾಮ ಮಾಡುವುದನ್ನು ಕೇಳಿ ಕೇಳಿ ಸಾಕಾಗಿ, ಫ್ರೀ ಡಿಶ್ ಹಾಕಿಕೊಳ್ಳೋಣ, ಕಟ್ಟುವ ತಾಪತ್ರಯವೇ ಇರುವುದಿಲ್ಲ, ಕೂರಿಸುವ ಕೆಲಸ ನನ್ನದು ಎಂದೆ. ಯಜಮಾನರು ಅತ್ತೆಯನ್ನು ನೋಡಿದರು, ಅತ್ತೆ ಮಾವನನ್ನು ನೋಡಿದರು. ಮಾವ ಆಗಲಿ ಎಂದರು, ಆದರೆ ತಾರಸಿಗೆ ಒಂದೇ ಒಂದು ತೂತೂ ಹೊಡೆಯಕೂಡದು, ಸೋರುತ್ತದೆ ಎಂದು ಕಟ್ಟಪ್ಪಣೆ ಮಾಡಿದರು.

ತೂತಿಲ್ಲದೆ ಎಲ್ಲಿ ಕೂರಿಸುವುದು? ಸುತ್ತಲೂ ತೆಂಗು, ಬಚ್ಚಲ ಗೋಡೆಯ ಮೇಲೆ ಇಟ್ಟರೆ ಗರಿ ಅಡ್ಡ, ಕೊಟ್ಟಿಗೆಯ ಮೇಲೆ ಇಟ್ಟರೆ ಸುಳಿ ಅಡ್ಡ. ಕೊನೆಗೆ ಕಣ್ಣಿಗೆ ಬಿದ್ದದ್ದು ಕೊಬ್ಬರಿ ಅಟ್ಟ. ನಮ್ಮ ಕಡೆ ಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ಇಂಗಿ ತಿರುಳು ಒಣ ಗಿಟಕಾಗಿ ಚಿಪ್ಪು ಬಿಡುವವರೆಗೆ ತಿಂಗಳುಗಟ್ಟಲೆ ಒಣಗಲು ಬಿಡುತ್ತೇವೆ. ಮನೆಯ ಪಕ್ಕದಲ್ಲೇ ಇರುವ ಆ ಅಟ್ಟದ ದೊಡ್ಡ ತೊಲೆಯೊಂದರ ತುದಿ ಗೋಡೆಯಿಂದ ಒಂದು ಮೊಳ ಆಚೆಗೆ ಚಾಚಿಕೊಂಡಿತ್ತು. ಅಲ್ಲಿಂದ ಆಗ್ನೇಯಕ್ಕೆ, ಉಪಗ್ರಹವಿರುವ ಕಡೆಗೆ, ಆಕಾಶ ಬಯಲಾಗಿ ಕಾಣುತ್ತಿತ್ತು. ಆ ತುದಿಗೆ ಕ್ಲ್ಯಾಂಪ್ ಬಿಗಿದು, ಗಾರೆಯವರ ಗುಳ್ಳೆಯ ರಸಮಟ್ಟ ಹಿಡಿದು ಕಬ್ಬಿಣದ ಪೈಪನ್ನು ನೆಟ್ಟಗೆ ನಿಲ್ಲಿಸಿ, ಅದಕ್ಕೆ ಡಿಶ್ ಕೂರಿಸಿದೆ. ನಾನು ಏಣಿಯ ಮೇಲೆ, ಯಜಮಾನರು ಟೀವಿಯ ಮುಂದೆ. ಪರದೆಯ ಮೇಲಿನ ಸಿಗ್ನಲ್ ಗೆರೆ ಎಷ್ಟು ಬೆಳೆಯಿತೆಂದು ಅವರು ಕಿಟಕಿಯಿಂದ ಕೂಗುವುದು, ನಾನು ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸುವುದು. ಬಂತು ಎನ್ನುವರು, ಹೋಯಿತು ಎನ್ನುವರು. ಗೆರೆ ತುಂಬಿ ಚಿತ್ರ ಮೂಡಿದಾಗ ಅತ್ತೆ ಕೈ ತೊಳೆದು ಬಂದು ಕೂತರು. ಅತ್ತೆ ಟೀವಿ ಬಿಟ್ಟೇಳಲಿಲ್ಲವೆಂದು ಆ ಮಧ್ಯಾಹ್ನ ನಾನು ಮಾಡಿದ ಸಾರಿಗೆ ಉಪ್ಪೇ ಇರಲಿಲ್ಲ, ಯಾರೂ ಚಕಾರ ಎತ್ತಲಿಲ್ಲ.

ಮೇಲೆ ಹತ್ತಿದವಳು ಸುಮ್ಮನೆ ಇಳಿಯುತ್ತೇನೆಯೇ. ಊರಿಗೆ ಫೈಬರ್ ಲೈನು ಬಂದಿತ್ತು, ನಡುಮನೆಯಲ್ಲಿ ಡಬ್ಬಿ ಕೂತಿತ್ತು. ಆದರೆ ಹಳೆಯ ಮಣ್ಣುಗೋಡೆ ದಾಟಿ ವೈಫೈ ಹೊರಗೆ ಬರುತ್ತಿರಲಿಲ್ಲ. ಅಟ್ಟದ ಕೆಳಗೆ ಕಾಯಿ ಸುಲಿಸುತ್ತಿದ್ದ ಯಜಮಾನರು ತಿಪಟೂರಿನ ಕೊಬ್ಬರಿ ರೇಟು ನೋಡಲು ಮೊಬೈಲು ಹಿಡಿದು ರಸ್ತೆಯವರೆಗೆ ಓಡಬೇಕಿತ್ತು. ತೋಟದಲ್ಲಿ ಬಿದ್ದಿದ್ದ ಹಳೆಯ ಡ್ರಿಪ್ ಪೈಪಿನೊಳಗೆ ಲ್ಯಾನ್ ವೈರು ತೂರಿಸಿ, ಇಲಿ ಅಳಿಲುಗಳ ಬಾಯಿಗೆ ಸಿಗದಂತೆ ಮಣ್ಣಲ್ಲಿ ಹೂತು, ಅಟ್ಟದವರೆಗೆ ಎಳೆದು, ಅಲ್ಲಿ ಇನ್ನೊಂದು ವೈಫೈ ಡಬ್ಬಿ ಕೂರಿಸಿದೆ. ತುದಿಯ ಎಂಟು ಬಣ್ಣದ ಎಳೆಗಳನ್ನು ಸಿಕ್ಕು ಬಿಡಿಸಿ, ಸಾಲಾಗಿ ಜೋಡಿಸಿ ಪಿನ್ನಿಗೆ ಒತ್ತುವುದನ್ನು ಅತ್ತೆ ಪಕ್ಕದಲ್ಲೇ ಕೂತು ನೋಡಿದರು. ಜಡೆ ಹಾಕಕ್ಕಿಂತ ಕಷ್ಟ ಎಂದು ಒಪ್ಪಿದರು.

ಡಿಶ್ ಕೂರಿಸಿದಾಗ ಅಟ್ಟ ಖಾಲಿ ಇತ್ತು. ಕೆಲವು ವಾರ ಕಳೆದು ಹೊಸ ಕಾಯಿ ಬಿತ್ತು, ಅಟ್ಟ ತುಂಬಿತು. ಮಾರನೆಯ ದಿನ ಟೀವಿಯಲ್ಲಿ ಚಿತ್ರವೇ ಇಲ್ಲ. ಮಾವನಿಗೆ ಸಂಜೆಯ ವಾರ್ತೆ ಎಂದರೆ ಊಟದಷ್ಟೇ ಮುಖ್ಯ. ನಾನು ಪಿನ್ನು ಬದಲಾಯಿಸಿದೆ, ವೈರನ್ನು ಉದ್ದಕ್ಕೂ ತಡವಿ ನೋಡಿದೆ, ಡಿಶ್ಶಿನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಬಿಚ್ಚಿ ಒರೆಸಿದೆ. ಎಲ್ಲಾ ಸರಿ ಇತ್ತು. ರಸಮಟ್ಟ ಹಿಡಿದರೆ ಪೈಪು ಮಾತ್ರ ಗೋಡೆಯ ಕಡೆಗೆ ಒಂದಿಷ್ಟು ವಾಲಿತ್ತು. ಕ್ಲ್ಯಾಂಪ್ ಜಾರಿರಬೇಕು ಎಂದುಕೊಂಡು, ಪೈಪಿನ ತಂಟೆಗೆ ಹೋಗದೆ ಡಿಶ್ಶನ್ನಷ್ಟೇ ಬಾಗಿಸಿ ಗೆರೆ ತುಂಬಿಸಿದೆ. ನಾನು ಏಣಿ ಇಳಿದು ಬರುವಷ್ಟರಲ್ಲಿ ಮಾವ ಬಾಗಿಲಲ್ಲಿ ನಿಂತಿದ್ದರು.

"ನೋಡವ್ವ, ಇನ್ನೊಂದ್ ಸಲ ಹೋದ್ರೆ ತಿಪಟೂರಿಂದ ಮೆಕ್ಯಾನಿಕ್ಕು ಬತ್ತಾನೆ. ಡಿಶ್ಶೂ ಇಳ್ಸು, ಆ ವೈರೂ ಕೀಳು. ಆಮೇಲೆ ಈ ಮನೇಲಿ ನೀನು ವೈರ್ ಮುಟ್ಟಂಗಿಲ್ಲ."

ನನಗೆ ಅಳು ಬರಲಿಲ್ಲ, ಉರಿದುಹೋಯಿತು. ಟೀವಿ ಹಾಳಾಗಿ ಹೋಗಲಿ. ಈ ಮನೆಯಲ್ಲಿ ಅಡುಗೆ ಅತ್ತೆಯದು, ತೋಟ ಮಾವನದು, ವ್ಯವಹಾರ ಯಜಮಾನರದು. ನನ್ನದು ಎನ್ನುವುದು ಇದೊಂದೇ ಇತ್ತು. ಅದನ್ನು ಕಿತ್ತುಕೊಂಡರೆ ನಾನು ಮತ್ತೆ ಬಳೆಯ ಕೈ ಅಷ್ಟೇ.

ಆಮೇಲೆ ದಿನಾ ಬೆಳಿಗ್ಗೆ ಕಸ ಗುಡಿಸುವುದಕ್ಕೂ ಮೊದಲು ಟೀವಿ ಹಾಕಿ ಸಿಗ್ನಲ್ ಗೆರೆ ನೋಡುವುದು ನನ್ನ ಅಭ್ಯಾಸವಾಯಿತು. ಮೋಡ ಕವಿದ ದಿನ ಇಳಿಯುತ್ತಿತ್ತು, ಬಿಸಿಲು ಬಂದರೆ ಏರುತ್ತಿತ್ತು, ಅದು ಸಹಜ. ಆದರೆ ಮಳೆಗಾಲ ಮುಗಿದು ಆಕಾಶ ಶುಭ್ರವಾದ ಮೇಲೂ ಗೆರೆ ಒಂದೊಂದೇ ಕೂದಲೆಳೆಯಷ್ಟು ಕುಗ್ಗುತ್ತಾ ಬಂತು. ಚಳಿ ಕಳೆಯುವ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಮುಟ್ಟಿದರೆ ಪೂರ್ತಿ ಹೋದೀತು ಎಂಬ ಭಯ, ಮುಟ್ಟದಿದ್ದರೂ ಹೋಗುವುದು ಖಂಡಿತ.

ಒಂದು ದಿನ ತಡೆಯಲಾರದೆ ಏಣಿ ಹತ್ತಿ ಪೈಪಿಗೆ ರಸಮಟ್ಟ ಹಿಡಿದೆ. ಗುಳ್ಳೆ ನಡುವಿಗೆ ಬಂದು ನಿಂತಿತು. ಅಂದು ವಾಲಿದ್ದ ಪೈಪು ಈಗ ಹೆಚ್ಚುಕಡಿಮೆ ನೆಟ್ಟಗಾಗಿದೆ! ಯಾರೂ ಮುಟ್ಟಿಲ್ಲ, ಕ್ಲ್ಯಾಂಪಿನ ತುಕ್ಕು ಕೂಡ ಕದಲಿಲ್ಲ. ಜಾರಿದ ಪೈಪು ತಾನಾಗಿ ಹೇಗೆ ಎದ್ದು ನಿಲ್ಲುತ್ತದೆ? ಏಣಿಯ ಮೇಲೆಯೇ ಕೂತು ಯೋಚಿಸಿದೆ. ಕೈ ಇಟ್ಟಿದ್ದು ತೊಲೆಯ ಮೇಲೆ. ಅದರ ಇನ್ನೊಂದು ಪಾಲು ಒಳಗೆ ಕಾಯಿಯ ರಾಶಿಯ ಅಡಿಯಲ್ಲಿದೆ. ರಾಶಿ ಬಿದ್ದಾಗ ತೊಲೆಯ ನಡು ಬಗ್ಗುತ್ತದೆ, ಹೊರಗಿನ ತುದಿ ಮೇಲೇಳುತ್ತದೆ, ಪೈಪು ವಾಲುತ್ತದೆ. ಕಾಯೊಳಗಿನ ನೀರು ಇಂಗುತ್ತಾ ಬಂದಂತೆ ಅಟ್ಟ ಹಗುರ, ತೊಲೆ ನೇರ, ವಾಲಿದ ಪೈಪಿಗೆ ತಕ್ಕಂತೆ ನಾನು ಬಾಗಿಸಿದ ಡಿಶ್ಶಿನ ಗುರಿ ತಪ್ಪು. ನಾನು ಒಬ್ಬಳೇ ನಗತೊಡಗಿದೆ. ಹೂವಿಗೆ ಹೋಗಿದ್ದ ಅತ್ತೆ ಕೆಳಗೆ ನಿಂತು ಬಿಸಿಲು ತಲೆಗೆ ಹತ್ತಿತೇ ಎಂದು ಕೇಳಿದರು.

ಅದೇ ವಾರ ಮಾವನ ವಾರ್ತೆಯ ನಡುವೆ ಚಿತ್ರ ಚೂರುಚೂರಾಗಿ ನಿಂತೇಬಿಟ್ಟಿತು. ಮಾವ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ.

"ಡಿಶ್ ಇಳಿಸ್ತೀನಿ ಮಾವ. ಅದಕ್ಕೂ ಮುಂಚೆ ನೀವು ಕಾಯಿ ಇಳಿಸ್ಬೇಕಾಯ್ತದೆ. ಒಣಗವೆ."

ಅವರು ಒಮ್ಮೆಗೇ ನಕ್ಕರು. ಇನ್ನೂ ಕಾಲವಿದೆ, ಮೊನ್ನೆ ತಾನೇ ಅಂಚಿನ ಕಾಯಿ ನೋಡಿದ್ದೇನೆ ಎಂದರು. ತೊಲೆಯ ಕಥೆಯನ್ನು ನಾನು ಬಿಡಿಸಿ ಹೇಳಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಅತ್ತೆಯ ಕಡೆ ತಿರುಗಿ ಗಾದೆ ಬಿಟ್ಟರು. ನೆಲ ನಿಜವಾಗಿಯೂ ಡೊಂಕೋ ಅಲ್ಲವೋ ಹತ್ತಿ ನೋಡಿ ಎಂದೆ. ಸೊಸೆ ಆಡುವ ಮಾತಲ್ಲ ಅದು, ಆಡಿದ್ದಾಗಿತ್ತು.

ಮಾವ ಟಾರ್ಚು ತೆಗೆದುಕೊಂಡು ಅಟ್ಟ ಹತ್ತಿದರು. ನಾವೆಲ್ಲ ಕೆಳಗೆ ನಿಂತೆವು. ಅಂಚಿನಿಂದ ಒಂದು ಕಾಯಿ ಎತ್ತಿ ಕಿವಿಯ ಪಕ್ಕ ಅಲ್ಲಾಡಿಸಿದರು. ಕೊನೆಗೆ ಸುರಿದ ಕಾಯಿ, ಒಳಗೆ ನೀರು ಕುಲುಕಿತು. ರಾಶಿಯ ನಡುವಿಗೆ ಕೈ ಹಾಕಿ ಇನ್ನೊಂದು ತೆಗೆದರು. ಗಟಗಟ ಎಂದು ಚಿಪ್ಪಿನೊಳಗೆ ಗಿಟಕು ಆಡುವ ಸದ್ದು ನನಗೂ ಕೇಳಿಸಿತು. ಮೂಲೆಯಿಂದ ಒಂದು, ಗೋಡೆಯ ಬದಿಯಿಂದ ಒಂದು. ಆ ವರ್ಷ ಬಿಸಿಲು ಮೊದಲೇ ಬಲಿತಿತ್ತು, ಒಳಗಿನ ಕಾಯೆಲ್ಲ ಒಣಗಿ ಕೂತಿದ್ದವು. ಮಾವ ಅಟ್ಟದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು.

"ನಂಗೆ ಕಾಯಿ ಅಲ್ಲಾಡ್ಸಿ ನೋಡಾದು ಗೊತ್ತು ಕಣವ್ವ. ನೀನು ಅಟ್ಟಾನೇ ತೂಗ್ಬುಟ್ಟೆ."

ನನ್ನ ಎದೆ ಉಬ್ಬಿತು ಎಂದರೆ ಕಡಿಮೆಯೇ. ಆದರೆ ಕೆಲಸ ಗೊತ್ತಿದ್ದವಳಿಗೆ ತಪ್ಪೂ ಗೊತ್ತಿರುತ್ತದೆ. ಅಲುಗಾಡುವ ತೊಲೆಯ ಮೇಲೆ ಡಿಶ್ ಕೂರಿಸಬಾರದಿತ್ತು, ಬಿಚ್ಚಿ ಬೇರೆ ಕಡೆ ಹಾಕುತ್ತೇನೆ ಎಂದು ಸ್ಪ್ಯಾನರ್ ಹಿಡಿದು ಹೊರಟೆ. ಮಾವ ಏಣಿಗೆ ಅಡ್ಡ ನಿಂತರು.

"ಅದು ಅಲ್ಲೇ ಇರ್ಲಿ ಬುಡು. ಟೀವಿಗೆ ಇನ್ನೊಂದ್ ತಂದು ತಾರಸಿ ಮ್ಯಾಲೆ ಹಾಕ್ಕೋ."

ತಾರಸಿಗೆ ತೂತು ಹೊಡೆಯಬೇಕಾಗುತ್ತದೆ ಎಂದು ನೆನಪಿಸಿದೆ. ಹೊಡಿ ಎಂದರು. ಹೊಸ ಡಿಶ್ಶನ್ನು ತಿಪಟೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದವರು ಅವರೇ. ನಾನು ಡ್ರಿಲ್ ಒತ್ತುವಾಗ ವೈರು ಹಿಡಿದುಕೊಂಡು ಪಕ್ಕದಲ್ಲಿ ನಿಂತವರೂ ಅವರೇ. ಬೋಲ್ಟಿನ ಸುತ್ತ ನಾನು ಹಚ್ಚಿದ ಗಾರೆಯಲ್ಲಿ ಇವತ್ತಿನವರೆಗೆ ಒಂದು ಹನಿಯೂ ಸೋರಿಲ್ಲ.

ಹಳೆಯ ಡಿಶ್ ತೊಲೆಯ ಮೇಲೆಯೇ ಇದೆ. ಅದರ ವೈರು ಅಟ್ಟದ ಕೆಳಗಿನ ಹಳೆಯ ಟೀವಿಗೆ ಬರುತ್ತದೆ, ಅಲ್ಲಿ ಯಾರೂ ಏನನ್ನೂ ನೋಡುವುದಿಲ್ಲ, ಬರೀ ಗೆರೆ, ಅದು ತಗ್ಗಿದಷ್ಟೂ ಕಾಯಿ ಒಣಗಿದ ಲೆಕ್ಕ. ಪ್ರತಿ ವರ್ಷ ಅಟ್ಟ ತುಂಬಿದ ಮೇಲೆ ನಾನು ಹತ್ತಿ ಗೆರೆ ತುಂಬಿಸಿ ಬರುತ್ತೇನೆ. ಹೊನ್ನವಳ್ಳಿಯಿಂದ ಬಂದ ನೆಂಟರು ಈ ಡಿಶ್ ಯಾಕೆ ಇಲ್ಲಿ ಎಂದು ಕೇಳಿದಾಗ, ಅದನ್ನು ನಮ್ಮ ಸೊಸೆಯನ್ನೇ ಕೇಳಿ ಎಂದು ಮಾವ ನನ್ನ ಕಡೆ ಕೈ ತೋರಿಸುತ್ತಾರೆ. ಬೇಸಿಗೆ ಬಂತೆಂದರೆ ಅವರು ಈಗಲೂ ಅಟ್ಟ ಹತ್ತಿ ಒಂದು ಕಾಯಿ ಎತ್ತಿ ಕಿವಿಯ ಪಕ್ಕ ಅಲ್ಲಾಡಿಸುತ್ತಾರೆ. ಆಮೇಲೆ ಇಳಿಸಿ ಎಂದು ಆಳುಗಳಿಗೆ ಹೇಳುವುದಿಲ್ಲ. ಮೇಲಿನಿಂದಲೇ ನನ್ನನ್ನು ಕೂಗಿ, ಗೆರೆ ಎಲ್ಲಿಗೆ ಬಂತವ್ವ ಎಂದು ಕೇಳುತ್ತಾರೆ.